ಮಾಸ್ಟ್ ಸುತ್ತ ಸುರಕ್ಷತಾ ಕಂಬಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಾಯಿದೋಣಿ 34 ಅಡಿಯದು. 1984ರಲ್ಲಿ ಕಟ್ಟಿದ ಫೈಬರ್‌ಗ್ಲಾಸ್ ದೋಣಿ. ಇಂಗ್ಲೆಂಡಿನ ದಕ್ಷಿಣ ತೀರದ ಹ್ಯಾಂಬಲ್ ನದಿಯಲ್ಲಿ ಕಟ್ಟಿರುತ್ತದೆ. ಅದರ ಮಾಸ್ಟ್ ಸುತ್ತ ಕಂಬಿ ಹಾಕಿಸಿದ ಮೇಲೆ ಬೇರೆ ಬೇರೆ ಕಡೆ ದೋಣಿ ಇಟ್ಟುಕೊಂಡಿರುವ ಕನ್ನಡದ ಗೆಳೆಯರು ಒಂದೇ ತರಹದ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇಲ್ಲಿ ಬರೆದಿದ್ದೇನೆ.

ಈ ಕಂಬಿ ಅಂದ್ರೆ ನಿಜವಾಗಿ ಏನು?

ಮಾಸ್ಟ್ ಅಂದರೆ ಹಾಯಿ ಕಟ್ಟುವ ಕೂವೆಮರ. ಅದರ ಎಡಕ್ಕೊಂದು ಬಲಕ್ಕೊಂದು, ಸೊಂಟದ ಎತ್ತರಕ್ಕೆ, ಬಾಗಿಸಿದ ಸ್ಟೀಲ್ ಪೈಪಿನ ಚೌಕಟ್ಟು ನಿಲ್ಲಿಸುತ್ತಾರೆ. ಅದೇ ಈ ಕಂಬಿ. ಅಂಗಡಿಯಲ್ಲಿ ಮಾಸ್ಟ್ ಪುಲ್ಪಿಟ್ ಅಂತಾರೆ. ದೋಣಿಯವರ ಬಾಯಲ್ಲಿ ಗ್ರ್ಯಾನಿ ಬಾರ್, ಅಂದರೆ ಅಜ್ಜಿ ಕಂಬಿ.

ಇದರ ಕೆಲಸ ಗೊತ್ತಾಗಬೇಕಾದರೆ ನಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರನ್ನು ನೆನಪಿಸಿಕೊಳ್ಳಿ. ಶಿರಾಡಿ ಘಾಟಿಯಲ್ಲಿ ಬಸ್ಸು ತಿರುವು ತೆಗೆದುಕೊಳ್ಳುತ್ತಿರುತ್ತದೆ. ಕಂಡಕ್ಟರ್ ಸೀಟಿನ ಅಂಚಿಗೆ ಸೊಂಟ ಆನಿಸಿ, ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಟಿಕೆಟ್ ಹರಿದು ಚಿಲ್ಲರೆ ಕೊಡುತ್ತಾರೆ. ಕೈಯಲ್ಲಿ ಏನನ್ನೂ ಹಿಡಿದುಕೊಂಡಿರುವುದಿಲ್ಲ. ದೇಹವನ್ನು ಹಿಡಿದಿರುವುದು ಆ ಸೀಟು. ಮಾಸ್ಟ್ ಹತ್ತಿರದ ಕಂಬಿ ಮಾಡುವುದೂ ಇದನ್ನೇ. ಅದು ಕೈಯಲ್ಲಿ ಹಿಡಿಯುವ ಕಂಬಿ ಅನ್ನುವುದಕ್ಕಿಂತ ಸೊಂಟ ಆನಿಸುವ ಕಂಬಿ. ಇಷ್ಟನ್ನು ತಲೆಯಲ್ಲಿಟ್ಟುಕೊಂಡರೆ ಮುಂದಿನ ಅಳತೆಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ನನ್ನ ದೋಣಿಗೆ ಇದು ಬೇಕಾ?

ಮೊದಲು ನೋಡಬೇಕಾದದ್ದು, ನೀವು ಎಷ್ಟು ಸಲ ಮಾಸ್ಟ್ ಹತ್ತಿರ ಹೋಗುತ್ತೀರಿ ಅನ್ನುವುದು. ಹ್ಯಾಲ್ಯಾರ್ಡ್ ಅಂದರೆ ಹಾಯಿ ಏರಿಸುವ ಹಗ್ಗ. ಅದರ ವಿಂಚ್, ಅಂದರೆ ಹಗ್ಗ ಸುತ್ತಿ ಹಿಡಿಕೆ ತಿರುಗಿಸಿ ಎಳೆಯುವ ಉರುಳೆ, ಮಾಸ್ಟ್ ಮೇಲೇ ಇದ್ದರೆ, ಹಾಯಿ ಏರಿಸಲು, ಇಳಿಸಲು, ಗಾಳಿ ಜಾಸ್ತಿ ಆದಾಗ ರೀಫ್ ಹಾಕಿ ಕುಗ್ಗಿಸಲು, ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. ಅಂಥ ದೋಣಿಗೆ ಕಂಬಿ ಬೇಕು ಅಂತಲೇ ಹೇಳುತ್ತೇನೆ.

ನಮ್ಮದು ಅಂಥದ್ದೇ. ಇಂಗ್ಲೆಂಡಿನ ದಕ್ಷಿಣ ತೀರಕ್ಕೂ ವೈಟ್ ದ್ವೀಪಕ್ಕೂ ನಡುವಿನ ಜಲಸಂಧಿ ಸೋಲೆಂಟ್‌ನ ಪಶ್ಚಿಮ ತುದಿಯಲ್ಲಿ ಹರ್ಸ್ಟ್ ಕೋಟೆಯ ಮುಂದೆ ಒಂದು ಇಕ್ಕಟ್ಟಾದ ಜಾಗ ಇದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅಲ್ಲಿ ನೀರಿನ ಸೆಳೆತ ಗಂಟೆಗೆ 4 ನಾಟಿಕಲ್ ಮೈಲಿಗಿಂತ ಜಾಸ್ತಿ. ಸೆಳೆತ ಒಂದು ಕಡೆ, ಗಾಳಿ ಅದಕ್ಕೆ ಎದುರು ಇದ್ದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಬರುತ್ತವೆ. ಅಲ್ಲಿ ಒಂದು ಮಧ್ಯಾಹ್ನ ಎರಡನೇ ರೀಫ್ ಹಾಕಲು ಹೋದೆ. ಎಡಗೈ ಮಾಸ್ಟನ್ನು ತಬ್ಬಿಕೊಂಡಿತ್ತು. ಬಲಗೈಯೊಂದರಲ್ಲೇ ಹಾಯಿಯ ಉಂಗುರವನ್ನು ಕೊಕ್ಕೆಗೆ ಸಿಕ್ಕಿಸಬೇಕಿತ್ತು. ಸಿಕ್ಕಿಸುವಷ್ಟರಲ್ಲಿ ದೋಣಿ ಒಂದು ಅಲೆಯಿಂದ ಕೆಳಗೆ ಬಿತ್ತು, ಉಂಗುರ ಕೈಬಿಟ್ಟು ಹೋಯಿತು. ಮತ್ತೆ ಎಳೆದೆ, ಮತ್ತೆ ಹೋಯಿತು. ಎರಡು ನಿಮಿಷದ ಕೆಲಸಕ್ಕೆ ಕಾಲು ಗಂಟೆ ಹಿಡಿಯಿತು. ಚುಕ್ಕಾಣಿ ಹಿಡಿದಿದ್ದ ಹೆಂಡತಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ, "ಮುಂದಿನ ಸಲ ನಾನು ಅಲ್ಲಿಗೆ ಹೋಗಬೇಕಾದರೆ ಏನು ಹಿಡಿದುಕೊಳ್ಳಲಿ?" ಅಂತ ಕೇಳಿದಳು. ಅವಳ ಎತ್ತರ 5 ಅಡಿ 2 ಇಂಚು. ಮಾಸ್ಟನ್ನು ತಬ್ಬಿದರೆ ಇನ್ನೊಂದು ಕೈ ವಿಂಚ್ ಹಿಡಿಕೆಗೆ ಸರಿಯಾಗಿ ಎಟುಕುವುದಿಲ್ಲ. ಕಂಬಿ ಹಾಕಿಸುವ ನಿರ್ಧಾರ ಅವತ್ತೇ ಆಯಿತು.

ನನ್ನ ಹಗ್ಗಗಳೆಲ್ಲ ಕಾಕ್‌ಪಿಟ್‌ಗೇ (ಚುಕ್ಕಾಣಿ ಹಿಡಿದು ಕೂರುವ ಜಾಗಕ್ಕೇ) ಬರುತ್ತವೆ. ಆದರೂ ಬೇಕಾ?

ಅಷ್ಟು ಅವಸರವಿಲ್ಲ. ಆದರೆ ಒಂದು ಮಾತು ಯೋಚಿಸಿ. ಎಲ್ಲ ಸರಿಯಿರುವಾಗ ನೀವು ಮುಂದೆ ಹೋಗುವುದೇ ಇಲ್ಲ. ಹಗ್ಗ ಎಲ್ಲೋ ಸಿಕ್ಕಿಕೊಂಡಾಗ, ಹಾಯಿ ಅರ್ಧಕ್ಕೇ ನಿಂತಾಗ ಹೋಗುತ್ತೀರಿ. ಅಂದರೆ ಹೋಗುವುದು ಕಮ್ಮಿ, ಹೋದರೆ ಮಾತ್ರ ಕೆಟ್ಟ ಹೊತ್ತಿನಲ್ಲೇ. ದೂರ ಹೋಗುವ ದೋಣಿಯಾದರೆ ನಾನು ಹಾಕಿಸುತ್ತಿದ್ದೆ. ದಿನದ ಸುತ್ತಾಟಕ್ಕಷ್ಟೇ ಆದರೆ ಮಾಸ್ಟ್ ಬುಡದಲ್ಲಿ ಗಟ್ಟಿಯಾದ ಒಂದು ಕೊಂಡಿ, ಕ್ಯಾಬಿನ್ ಮೇಲೆ ಒಳ್ಳೆಯ ಹಿಡಿಕೆಗಳು ಸಾಕು.

ಸಣ್ಣ ದೋಣಿಗೆ?

28 ಅಡಿಗಿಂತ ಚಿಕ್ಕದಾದರೆ ಸಾಮಾನ್ಯವಾಗಿ ಜಾಗ ಸಾಲದು. ಕಂಬಿಯೇ ಕಾಲಿಗೆ ಅಡ್ಡ ಬರುತ್ತದೆ. ಅದರ ಬದಲು ಅಗಲವಾದ ಬೆಲ್ಟೊಂದನ್ನು ಮಾಸ್ಟ್ ಸುತ್ತ ಹಾಕಿ ಸೊಂಟದ ಹಿಂದಿನಿಂದ ತಂದು ಬಿಗಿದುಕೊಳ್ಳಬಹುದು. ತೆಂಗಿನ ಮರ ಹತ್ತುವವರು ಹಗ್ಗಕ್ಕೆ ಮೈ ಆನಿಸಿ ಎರಡೂ ಕೈ ಬಿಡುವಂತೆ. ಖರ್ಚು ಕಮ್ಮಿ, ಕೆಲಸಕ್ಕೆ ಬರುತ್ತದೆ. ಬೇಗ ಬಿಚ್ಚಲು ಬರುವಂತಿರಬೇಕು, ಅಷ್ಟೆ.

ಎತ್ತರ ಎಷ್ಟಿರಬೇಕು?

ಸಾಮಾನ್ಯವಾಗಿ 75ರಿಂದ 90 ಸೆಂಟಿಮೀಟರ್ ಒಳಗೆ ಮಾಡುತ್ತಾರೆ. ನಮ್ಮದು 84.

ಕಂಬಿ ತೊಡೆಯ ಮಟ್ಟಕ್ಕೆ ಬಂದರೆ ಅದು ಅಪಾಯ. ನಮ್ಮ ದೇಹದ ತೂಕದ ನಡುಬಿಂದು ಹೆಚ್ಚುಕಮ್ಮಿ ಹೊಕ್ಕುಳದ ಹತ್ತಿರ ಇರುತ್ತದೆ. ಅದಕ್ಕಿಂತ ಬಹಳ ಕೆಳಗೆ ಏನಾದರೂ ತಡೆದರೆ ಕಾಲು ನಿಲ್ಲುತ್ತದೆ, ಮೈ ಅದರ ಮೇಲಿಂದ ಉರುಳುತ್ತದೆ. ಬಾವಿಯ ಕಟ್ಟೆ ಮೊಣಕಾಲಿನಷ್ಟೇ ಎತ್ತರ ಇದ್ದರೆ ಮಕ್ಕಳನ್ನು ಹತ್ತಿರ ಬಿಡುತ್ತೀವಾ? ಇದೂ ಹಾಗೇ.

ದೋಣಿಯಲ್ಲಿ ಯಾರೆಲ್ಲ ಮಾಸ್ಟ್ ಹತ್ತಿರ ಕೆಲಸ ಮಾಡುತ್ತಾರೋ ಎಲ್ಲರನ್ನೂ ನಿಲ್ಲಿಸಿ ಅಳೆಯಿರಿ. ಬರಿಗಾಲಲ್ಲಿ ಅಲ್ಲ, ಡೆಕ್ (ದೋಣಿಯ ಮೇಲ್ತಟ್ಟು) ಮೇಲೆ ಹಾಕುವ ಬೂಟು ಹಾಕಿಕೊಂಡು. ಮೊಣಕಾಲು ಸ್ವಲ್ಪ ಬಗ್ಗಿಸಿ, ಕಾಲು ಅಗಲಿಸಿ ನಿಲ್ಲಲಿ. ಅಲೆಯಲ್ಲಿ ಯಾರೂ ನೆಟ್ಟಗೆ ನಿಲ್ಲುವುದಿಲ್ಲ ಅಲ್ವಾ? ಹಾಗೆ ನಿಂತಾಗ ನನಗೂ ಹೆಂಡತಿಗೂ ಸೊಂಟದ ಎತ್ತರದಲ್ಲಿ ಇದ್ದ ವ್ಯತ್ಯಾಸ ಅರ್ಧಕ್ಕಿಂತ ಕಮ್ಮಿಯಾಯಿತು. 84ಕ್ಕೆ ಬಂದದ್ದು ಹೀಗೆ.

ಮಾಸ್ಟ್‌ನಿಂದ ಎಷ್ಟು ದೂರ?

ಬೆನ್ನು ಕಂಬಿಯ ಕಡೆ, ಮುಖ ಮಾಸ್ಟ್ ಕಡೆ ಮಾಡಿ ನಿಲ್ಲಬೇಕು. ಎರಡೂ ಕೈ ಚಾಚಿ ವಿಂಚ್ ತಿರುಗಿಸಲು ಬರಬೇಕು. ಹಿಡಿಕೆ ಒಂದು ಸುತ್ತು ಪೂರ್ತಿ ತಿರುಗಬೇಕು, ಬೆರಳಿನ ಗೆಣ್ಣು ಪೈಪಿಗೆ ತಾಗಬಾರದು. ದೊಡ್ಡ ವಿಂಚ್ ಹಿಡಿಕೆಯ ಉದ್ದ 10 ಇಂಚು ಅಂದರೆ 254 ಮಿಲಿಮೀಟರ್. ಚಿಕ್ಕದು 8 ಇಂಚು. ನಮ್ಮ ದೋಣಿಯಲ್ಲಿ ಮಾಸ್ಟ್‌ನ ನಡುವಿನಿಂದ ಕಂಬಿಗೆ 60 ಸೆಂಟಿಮೀಟರ್ ಬಂತು.

ತೀರಾ ದೂರ ಇಟ್ಟರೂ ಕಷ್ಟ. ಕಂಬಿಗೂ ಮಾಸ್ಟ್‌ಗೂ ನಡುವೆ ಓಲಾಡುವಷ್ಟು ಜಾಗ ಇದ್ದರೆ ಒಂದೊಂದು ಅಲೆಗೂ ಹೋಗಿ ಹೋಗಿ ಗುದ್ದಿಕೊಳ್ಳುತ್ತೀರಿ.

ಅಳತೆ ಕಾಗದದ ಮೇಲೆ ಬರೆದು ಕೊಟ್ಟರೆ ಸಾಲದಾ?

ಸಾಲದು. ಈ ಪುಟದಲ್ಲಿ ಒಂದೇ ಒಂದು ಸಲಹೆ ಪಾಲಿಸುವುದಾದರೆ ಇದನ್ನು ಪಾಲಿಸಿ: ಮೊದಲು ಪಿವಿಸಿ ಪೈಪಿನಲ್ಲಿ ಮಾದರಿ ಮಾಡಿ. ನೀರಿನ ಲೈನಿಗೆ ಹಾಕುವ ಸಾಮಾನ್ಯ ಪೈಪು, ನಾಲ್ಕು ಎಲ್ಬೋ, ಒಂದಿಷ್ಟು ಟೇಪು. ಅರ್ಧ ದಿನದ ಕೆಲಸ. ಅದನ್ನು ಡೆಕ್ ಮೇಲೆ ಹಗ್ಗದಲ್ಲಿ ಕಟ್ಟಿ ನಿಲ್ಲಿಸಿ, ಆಮೇಲೆ ದೋಣಿಯ ಎಲ್ಲ ಕೆಲಸವನ್ನೂ ಒಂದು ಸಲ ಮಾಡಿ ನೋಡಿ.

ನಮ್ಮ ಮಾದರಿ ಎರಡು ದೋಷ ತೋರಿಸಿತು. ಎರಡನ್ನೂ ನಾನು ಊಹಿಸಿರಲಿಲ್ಲ.

ಮೊದಲನೆಯದು ವ್ಯಾಂಗ್. ಅದು ಮಾಸ್ಟ್‌ನ ಬುಡದಿಂದ ಓರೆಯಾಗಿ ಮೇಲೆ ಹೋಗಿ ಬೂಮನ್ನು, ಅಂದರೆ ಹಾಯಿಯ ಕೆಳಂಚು ಹಿಡಿದಿರುವ ಅಡ್ಡ ತೊಲೆಯನ್ನು, ಕೆಳಕ್ಕೆ ಎಳೆದು ಹಿಡಿಯುವ ಸಾಧನ. ಬೂಮ್ ನಡುವೆ ಇರುವಾಗ ವ್ಯಾಂಗ್ ಎಲ್ಲಿಗೂ ತಾಗುತ್ತಿರಲಿಲ್ಲ. ಗಾಳಿ ಹಿಂದಿನಿಂದ ಬರುವಾಗ ಬೂಮನ್ನು ಪೂರ್ತಿ ಹೊರಕ್ಕೆ ಬಿಡುತ್ತೇವೆ. ಆಗ ವ್ಯಾಂಗೂ ಬಾಗಿಲಿನ ಹಾಗೆ ಹೊರಕ್ಕೆ ತಿರುಗುತ್ತದೆ. ಮಾದರಿಯ ಹಿಂದಿನ ಕಾಲಿಗೆ ಅದು ನೇರವಾಗಿ ಬಂದು ಬಡಿಯಿತು. ಪಿವಿಸಿ ಆದ್ದರಿಂದ ಪಕ್ಕಕ್ಕೆ ಬಿತ್ತು. ಸ್ಟೀಲ್ ಆಗಿದ್ದು, ದೋಣಿ ತಾನಾಗಿ ಜೈಬ್ ಆಗಿ, ಅಂದರೆ ಹಿಂದಿನ ಗಾಳಿ ಹಾಯಿಯ ಇನ್ನೊಂದು ಬದಿಗೆ ಹೊಡೆದು, ಬೂಮ್ ರಭಸದಿಂದ ಬಂದಿದ್ದರೆ ಒಂದೋ ವ್ಯಾಂಗ್ ಮುರಿಯಬೇಕು, ಇಲ್ಲ ಕಂಬಿ ಡೆಕ್‌ನಿಂದ ಕಿತ್ತು ಬರಬೇಕು. ಹಿಂದಿನ ಕಾಲನ್ನು 18 ಸೆಂಟಿಮೀಟರ್ ಮುಂದಕ್ಕೆ ತಂದೆವು.

ಎರಡನೆಯದು ಮುಂದಿನ ಹಾಯಿಯ ಹಗ್ಗ. ದೋಣಿಯ ದಿಕ್ಕು ಬದಲಿಸುವಾಗ ಜಿಬ್‌ನ ಹಗ್ಗಗಳು ಮಾಸ್ಟ್ ಮುಂದೆ ಪಟಪಟ ಬಡಿಯುತ್ತಾ ದಾಟುತ್ತವೆ. ಮಾದರಿಯ ಚೌಕದ ಮೂಲೆಗೆ ಅವು ಮೂರರಲ್ಲಿ ಎರಡು ಸಲ ಸಿಕ್ಕಿಕೊಂಡವು. ಅದಕ್ಕೇ ಮುಂದಿನ ಮೂಲೆಯನ್ನು ದೊಡ್ಡ ಬಾಗು ಮಾಡಿಸಿ, ಮುಂದಿನ ಕಾಲನ್ನು ಓರೆ ಇಳಿಸಿದೆವು. ಹಗ್ಗ ಈಗ ಅದರ ಮೇಲಿಂದ ಜಾರಿ ಹೋಗುತ್ತದೆ.

ಇವಲ್ಲದೆ ಹ್ಯಾಚ್ ಬಾಗಿಲು ಪೂರ್ತಿ ತೆರೆಯುತ್ತದಾ, ಕ್ಯಾಬಿನ್ ಮೇಲೆ ಚಿಕ್ಕ ದೋಣಿ ಮಡಚಿಡುವ ಜಾಗ ಉಳಿಯುತ್ತದಾ, ಲೈಫ್‌ರಾಫ್ಟ್ ಎತ್ತಿ ನೀರಿಗೆ ಹಾಕಲು ದಾರಿ ಇದೆಯಾ ಅಂತಲೂ ನೋಡಿ. ಕೊನೆಯದು ಮುಖ್ಯ.

ಎಷ್ಟು ಕಾಲು ಇರಬೇಕು?

ಒಂದೊಂದು ಬದಿಗೂ ಮೂರು. ಮತ್ತು ಮೂರೂ ಒಂದೇ ಗೆರೆಯಲ್ಲಿ ಇರಬಾರದು.

ಇದಕ್ಕೆ ಸುಲಭದ ಲೆಕ್ಕ ಇದೆ. 84 ಸೆಂಟಿಮೀಟರ್ ಎತ್ತರದಲ್ಲಿ ನೀವು 100 ಕೆಜಿ ಬಲದಲ್ಲಿ ಕಂಬಿಗೆ ಒರಗಿದಿರಿ ಅಂತಿಟ್ಟುಕೊಳ್ಳಿ. ಅಲೆಗೆ ಸಿಕ್ಕಿ ಬಿದ್ದರೆ ಅಷ್ಟು ಬಲ ಏನೂ ಹೆಚ್ಚಲ್ಲ. ಕಾಲು ಎರಡೇ ಇದ್ದು, ಎರಡೂ ಒಂದೇ ಗೆರೆಯಲ್ಲಿದ್ದರೆ ಆ ಒತ್ತಡವನ್ನು ತಡೆಯುವುದು ಬುಡದ ತಟ್ಟೆಯ ಅಗಲ ಮಾತ್ರ. ತಟ್ಟೆಯ ಅಂಚಿನಿಂದ ಆಚೆ ಬದಿಯ ಬೋಲ್ಟ್‌ಗೆ 6 ಸೆಂಟಿಮೀಟರ್ ಇದ್ದರೆ, 84ನ್ನು 6ರಿಂದ ಭಾಗಿಸಿ, 14 ಪಟ್ಟು. 100 ಕೆಜಿ ತಳ್ಳಿದರೆ ಬೋಲ್ಟ್‌ಗಳ ಮೇಲೆ 1,400 ಕೆಜಿ ಎಳೆತ. ಎರಡು ಕಾಲಿಗೆ ಹಂಚಿದರೂ ಒಂದಕ್ಕೆ 700. ಮುಂದಿನ ಕಾಲನ್ನು 35 ಸೆಂಟಿಮೀಟರ್ ಒಳಕ್ಕೆ, ಮಾಸ್ಟ್‌ನ ಮುಂಭಾಗದ ಕಡೆಗೆ ತಂದರೆ ಅದೇ ಲೆಕ್ಕ 240 ಕೆಜಿಗೆ ಇಳಿಯುತ್ತದೆ. ಪೈಪು ಅದೇ, ಬೋಲ್ಟು ಅದೇ. ಕಾಲಿಟ್ಟ ಜಾಗ ಮಾತ್ರ ಬೇರೆ.

ಯಾವ ಸ್ಟೀಲ್? ಎಷ್ಟು ದಪ್ಪ?

316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ವೆಲ್ಡ್ ಮಾಡುವುದರಿಂದ 316ಎಲ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಇಂಗಾಲ ಕಮ್ಮಿ. ಹೊರ ಅಳತೆ 25 ಮಿಲಿಮೀಟರ್, ಗೋಡೆಯ ದಪ್ಪ 2 ಮಿಲಿಮೀಟರ್ ಆದರೆ ನಮ್ಮಂಥ ದೋಣಿಗೆ ಸಾಕು. 40 ಅಡಿ ದಾಟಿದ ದೋಣಿಗೆ 32 ಮಿಲಿಮೀಟರ್ ಪೈಪು ನೋಡಿ. ಬಾಗಿಸುವಾಗ ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಾದರೂ ಇರಲಿ. ಇಲ್ಲದಿದ್ದರೆ ಒಳಬದಿ ನೆರಿಗೆ ಬೀಳುತ್ತದೆ.

ಊರಿನಲ್ಲಿ ಮಾಡಿಸುವವರು ಇಲ್ಲಿ ಹುಷಾರಾಗಿರಬೇಕು. ನಮ್ಮಲ್ಲಿ ಮನೆ ಮೆಟ್ಟಿಲಿಗೆ, ಬಾಲ್ಕನಿಗೆ ಹಾಕುವ ಸ್ಟೀಲ್ ಕಂಬಿ ಹೆಚ್ಚಾಗಿ 202 ಅಥವಾ 304 ದರ್ಜೆಯದು. ನೋಡಲು ಒಂದೇ ಹೊಳಪು. ಸಮುದ್ರದ ಉಪ್ಪು ತಾಗಿದರೆ 202 ಬೇಗ ಕಂದು ಬಣ್ಣಕ್ಕೆ ತಿರುಗುತ್ತದೆ. 316ರಲ್ಲಿ ಶೇಕಡ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ. ಉಪ್ಪು ಕೊರೆಯುವ ಸೂಜಿಮೊನೆಯಂಥ ಗುಳಿಗಳನ್ನು ತಡೆಯುವುದು ಅದೇ. ಅಯಸ್ಕಾಂತ ಹಿಡಿದು ನೋಡಿದರೆ 304 ಯಾವುದು 316 ಯಾವುದು ತಿಳಿಯುವುದಿಲ್ಲ. ಮಾಲಿಬ್ಡಿನಮ್ ಪರೀಕ್ಷೆಯ ದ್ರವ ಸಿಗುತ್ತದೆ, ಒಂದು ಹನಿ ಬಿಟ್ಟರೆ ಬಣ್ಣ ಹೇಳುತ್ತದೆ. ಕೊಳ್ಳುವಾಗ ಪೈಪಿನ ದರ್ಜೆಯ ಪ್ರಮಾಣಪತ್ರವನ್ನೂ ಕೇಳಿ ಇಟ್ಟುಕೊಳ್ಳಿ.

ಭಾರತದಲ್ಲಿ ಯಾರ ಹತ್ತಿರ ಮಾಡಿಸಬಹುದು?

ಒಳ್ಳೆಯ ಟಿಗ್ ವೆಲ್ಡಿಂಗ್ ಬರುವ, ಪೈಪ್ ಬಾಗಿಸುವ ಯಂತ್ರ ಇರುವ ಯಾವ ಫ್ಯಾಬ್ರಿಕೇಶನ್ ಶಾಪ್ ಆದರೂ ಸರಿ. ಹಾಯಿದೋಣಿಯ ಕೆಲಸ ಬಲ್ಲವರು ಬೇಕು ಅಂದರೆ ಗೋವಾ ಹತ್ತಿರ. ನೌಕಾಪಡೆಯ ಐಎನ್‌ಎಸ್‌ವಿ ಮ್ಹಾದೇಯಿ 2009ರಲ್ಲಿ, ಆರು ಮಹಿಳಾ ಅಧಿಕಾರಿಗಳು ಜಗತ್ತು ಸುತ್ತಿ ಬಂದ ಐಎನ್‌ಎಸ್‌ವಿ ತಾರಿಣಿ 2017ರಲ್ಲಿ ಸಿದ್ಧವಾದದ್ದು ಅಲ್ಲೇ. ಮ್ಹಾದೇಯಿ ಅನ್ನುವ ಹೆಸರು ಬಂದದ್ದು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ ಗೋವಾಕ್ಕೆ ಹರಿಯುವ ಮಹದಾಯಿ ನದಿಯಿಂದ. ಆ ದೋಣಿಯ ಹೆಸರು ಕೇಳಿದಾಗೆಲ್ಲ ನನಗೆ ಖುಷಿಯಾಗುತ್ತದೆ.

ಯಾರಲ್ಲೇ ಮಾಡಿಸಿ, ಪಿವಿಸಿ ಮಾದರಿಯನ್ನೂ, ಕಾಲುಗಳು ಕೂರುವ ಜಾಗ ಗುರುತು ಮಾಡಿದ ಪ್ಲೈವುಡ್ ಹಲಗೆಯನ್ನೂ ಕೊಡಿ. ಕ್ಯಾಬಿನ್ ಮೇಲ್ಛಾವಣಿ ಸಪಾಟಾಗಿ ಇರುವುದಿಲ್ಲ, ನಡುವೆ ಉಬ್ಬಿರುತ್ತದೆ. ಒಂದೊಂದು ಕಾಲಿನ ತಟ್ಟೆಯ ಓರೆಯೂ ಬೇರೆ ಬೇರೆ. ವೆಲ್ಡಿಂಗ್ ಮಾಡುವವರನ್ನು ದೋಣಿಗೇ ಕರೆತಂದು ತಟ್ಟೆಗಳನ್ನು ಚುಕ್ಕಿ ವೆಲ್ಡ್ ಮಾತ್ರ ಹಾಕಿಸಿ, ಪೂರ್ತಿ ವೆಲ್ಡಿಂಗ್ ಶಾಪ್‌ನಲ್ಲಿ ಮಾಡಿಸುವುದು ಉತ್ತಮ. ದೋಣಿ ಮೇಲೆ ಕಿಡಿ ಹಾರುವುದಾದರೆ ಡೆಕ್ಕಿಗೆ ಬೆಂಕಿ ತಡೆಯುವ ಹೊದಿಕೆ ಹಾಸಿ, ಬ್ಯಾಟರಿ ತಂತಿ ಬಿಚ್ಚಿಡಿ.

ಡೆಕ್ಕಿಗೆ ರಂಧ್ರ ಕೊರೆಯಲು ಭಯ. ಹೇಗೆ ಮಾಡುವುದು?

ಭಯ ಇರಲಿ, ಒಳ್ಳೆಯದೇ. ಕಂಬಿ ಎಷ್ಟು ಚೆನ್ನಾಗಿದ್ದರೂ ಅದರ ಗಟ್ಟಿತನ ಇರುವುದು ಈ ರಂಧ್ರಗಳಲ್ಲಿ. ಪೈಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ರಂಧ್ರದ ಬಗ್ಗೆ ಕೇಳುವವರು ಕಮ್ಮಿ. ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಬಹಳಷ್ಟು ಫೈಬರ್‌ಗ್ಲಾಸ್ ದೋಣಿಗಳ ಡೆಕ್ ಕ್ರೀಮ್ ಬಿಸ್ಕತ್ತಿನಂತೆ ಮೂರು ಪದರ. ಮೇಲೊಂದು ಕೆಳಗೊಂದು ಫೈಬರ್‌ಗ್ಲಾಸ್, ನಡುವೆ ಬಾಲ್ಸಾ ಮರ. ಬಾಲ್ಸಾ ತುಂಬಾ ಹಗುರ, ತುಂಬಾ ಮೆತ್ತಗೆ. ನೀರು ಸೇರಿದರೆ ನೆನೆದ ರೊಟ್ಟಿಯಂತಾಗುತ್ತದೆ. ಬೋಲ್ಟ್ ಬಿಗಿದರೆ ಮೇಲಿನ ಪದರ ಕುಸಿದು ಬಾಲ್ಸಾ ಅಪ್ಪಚ್ಚಿಯಾಗುತ್ತದೆ, ಆ ಸಂದಿಯಲ್ಲಿ ನೀರು ಇಳಿಯುತ್ತದೆ. ನಮ್ಮ ದೋಣಿಯಲ್ಲಿ ಹಿಂದೆ ಯಾರೋ ಕ್ಯಾಬಿನ್ ಮೇಲೆ ಒಂದು ಹಿಡಿಕೆಗೆ ಬರೀ ಸ್ಕ್ರೂ ಹೊಡೆದು ಸಿಲಿಕೋನ್ ಮೆತ್ತಿದ್ದರು. ನಾನು ಅದನ್ನು ತೆಗೆದಾಗ ರಂಧ್ರದಿಂದ ಕಾಫಿ ಬಣ್ಣದ ನೀರು ಬಂತು. ಬೆರಳು ಹಾಕಿದರೆ ಒಳಗೆ ಮರ ಇರಲಿಲ್ಲ, ಕಪ್ಪು ಕೆಸರು ಇತ್ತು. ವಾಸನೆ ಕೊಳೆತ ಎಲೆಯದು. ಅಂಗೈ ಅಗಲದ ಜಾಗ ಕತ್ತರಿಸಿ ಹೊಸದಾಗಿ ತುಂಬಬೇಕಾಯಿತು.

ಆದ್ದರಿಂದ ಮೊದಲು ಒಳಗಿನ ಚಾವಣಿಯ ಹೊದಿಕೆ ತೆಗೆದು ಕೆಳಗಿನಿಂದ ನೋಡಿ. ಮಾಸ್ಟ್ ಹತ್ತಿರ ಕೆಲವು ದೋಣಿಗಳಲ್ಲಿ ಬಾಲ್ಸಾ ಬದಲು ಗಟ್ಟಿ ಫೈಬರ್‌ಗ್ಲಾಸ್ ಅಥವಾ ಪ್ಲೈವುಡ್ ಇರುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಡೆಕ್ ಮೇಲೆ ಮೆಲ್ಲಗೆ ತಟ್ಟಿ. ಚೆನ್ನಾಗಿರುವ ಜಾಗ ಟಕ್ ಟಕ್ ಅನ್ನುತ್ತದೆ, ನೆನೆದ ಜಾಗ ಡಬ್ ಅನ್ನುತ್ತದೆ. ಬಲಿತ ತೆಂಗಿನಕಾಯಿ ತಟ್ಟಿ ನೋಡಿದವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಿಲ್ಲ.

8 ಮಿಲಿಮೀಟರ್ ಬೋಲ್ಟ್‌ಗೆ ಮೊದಲು 16 ಮಿಲಿಮೀಟರ್ ರಂಧ್ರ ಕೊರೆಯಿರಿ. ಹೊರಬರುವ ಹೊಟ್ಟು ಒಣಗಿ ಬೆಳ್ಳಗಿದ್ದರೆ ಮುಂದುವರಿಯಿರಿ. ಒದ್ದೆ, ಕಂದು ಬಣ್ಣ ಇದ್ದರೆ ಅಲ್ಲೇ ನಿಲ್ಲಿಸಿ, ಮೊದಲು ಡೆಕ್ ರಿಪೇರಿ ಮಾಡಿ. ಆಮೇಲೆ ಮೊಳೆಯೊಂದನ್ನು ಬಗ್ಗಿಸಿ ಡ್ರಿಲ್‌ಗೆ ಹಾಕಿ, ರಂಧ್ರದ ಸುತ್ತಲಿನ ಬಾಲ್ಸಾವನ್ನು ಸ್ವಲ್ಪ ಕೆರೆದು ತೆಗೆಯಿರಿ. ಕೆಳಗೆ ಟೇಪು ಅಂಟಿಸಿ. ಮೊದಲು ತೆಳುವಾದ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಬಿಟ್ಟು ಮರ ಕುಡಿಯಲು ಬಿಡಿ. ನಂತರ ಸಿಲಿಕಾ ಪುಡಿ ಕಲಸಿ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ. ಒಂದೇ ಸಲ ಜಾಸ್ತಿ ಸುರಿದರೆ ಅದು ತಾನೇ ಬಿಸಿಯಾಗಿ ಹೊಗೆಯಾಡಬಹುದು. ಗೋವಾ, ಮಂಗಳೂರಿನ ಬಿಸಿಲಿಗಂತೂ ಎರಡು ಮೂರು ಸಲ ಮಾಡಿ ತುಂಬಿ. ಇಂಗ್ಲೆಂಡಿನ ಚಳಿಯಲ್ಲಿ ಸಮಸ್ಯೆ ಉಲ್ಟಾ. 10 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಎಪಾಕ್ಸಿ ಗಟ್ಟಿಯಾಗುವುದೇ ನಿಧಾನ. ಪೂರ್ತಿ ಗಟ್ಟಿಯಾದ ಮೇಲೆ ನಡುವೆ ಎಂಟೂವರೆ ಮಿಲಿಮೀಟರ್ ರಂಧ್ರ ಕೊರೆಯಿರಿ. ಈಗ ಬೋಲ್ಟ್ ಸುತ್ತ ಇರುವುದು ಮರ ಅಲ್ಲ, ಗಟ್ಟಿ ಎಪಾಕ್ಸಿಯ ಕೊಳವೆ. ನಾಳೆ ನೀರು ಇಳಿದರೂ ಬಾಲ್ಸಾಗೆ ತಾಗುವುದಿಲ್ಲ.

ಕೆಳಗೆ ವಾಷರ್ ಹಾಕಿದರೆ ಸಾಕಾ?

ಸಾಲದು. ಕೆಳಗಡೆ ತಟ್ಟೆಗಿಂತ ದೊಡ್ಡದಾದ ಹಲಗೆ ಬೇಕು, 6 ಮಿಲಿಮೀಟರ್ ದಪ್ಪದ್ದು. ಜಿ10 ಅಥವಾ ಎಫ್‌ಆರ್4 ಎಪಾಕ್ಸಿ ಶೀಟ್ ಬಹಳ ಒಳ್ಳೆಯದು. ತುಕ್ಕು ಹಿಡಿಯದು, ಕೊಳೆಯದು. ವಿದ್ಯುತ್ ಪ್ಯಾನೆಲ್‌ಗಳಲ್ಲಿ ಇನ್ಸುಲೇಶನ್‌ಗೆ ಬಳಸುವ ಹಸಿರು ಬಣ್ಣದ ಶೀಟ್ ಅದೇ. ಬೆಂಗಳೂರಿನಲ್ಲಾದರೆ ಎಲೆಕ್ಟ್ರಿಕಲ್ ಸಾಮಾನಿನ ಸಗಟು ಅಂಗಡಿಗಳಲ್ಲಿ ಕೇಳಿ ನೋಡಿ. ಕತ್ತರಿಸುವಾಗ ಮುಖಕ್ಕೆ ಮಾಸ್ಕ್ ಇರಲಿ, ಅದರ ಧೂಳು ಕೆಟ್ಟದ್ದು.

ಸ್ಟೇನ್‌ಲೆಸ್ ಬೋಲ್ಟ್‌ಗೆ ಸ್ಟೇನ್‌ಲೆಸ್ ನಟ್ ವೇಗವಾಗಿ ತಿರುಗಿಸಿದರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು ಬಿಡುತ್ತವೆ. ಆಮೇಲೆ ಕತ್ತರಿಸಿಯೇ ತೆಗೆಯಬೇಕು. ಎಳೆಗೆ ಸ್ವಲ್ಪ ಆ್ಯಂಟಿ-ಸೀಜ್ ಗ್ರೀಸ್ ಸವರಿ, ಕೈಯಲ್ಲಿ ನಿಧಾನ ತಿರುಗಿಸಿ.

ಸೀಲ್ ಮಾಡಲು ಏನು ಬಳಸಬೇಕು?

ನನ್ನ ಆಯ್ಕೆ ಬ್ಯೂಟೈಲ್ ಟೇಪು. ಚ್ಯೂಯಿಂಗ್ ಗಮ್ಮಿನಂಥ ಅಂಟು. ರಂಧ್ರದ ಮೇಲಂಚನ್ನು ಸ್ವಲ್ಪ ಬಟ್ಟಲಿನಂತೆ ಅಗಲ ಮಾಡಿ. ಟೇಪನ್ನು ಹೊಸೆದು ಬೋಲ್ಟ್ ತಲೆಯ ಕೆಳಗೆ, ತಟ್ಟೆಯ ಅಡಿಯಲ್ಲಿ ಸುತ್ತಿ. ಮೇಲಿನಿಂದ ಬೋಲ್ಟ್ ತಿರುಗದಂತೆ ಒಬ್ಬರು ಹಿಡಿದುಕೊಳ್ಳಬೇಕು, ಕೆಳಗೆ ಕ್ಯಾಬಿನ್ನಿನಲ್ಲಿ ಇನ್ನೊಬ್ಬರು ನಟ್ ಬಿಗಿಯಬೇಕು. ಬೋಲ್ಟ್ ತಿರುಗಿದರೆ ಅಂಟು ಹರಿದುಹೋಗುತ್ತದೆ. ಒಂದೇ ದಿನ ಪೂರ್ತಿ ಬಿಗಿಯಬೇಡಿ. ಇವತ್ತು ಸ್ವಲ್ಪ, ಎರಡು ದಿನ ಬಿಟ್ಟು ಸ್ವಲ್ಪ, ಬಿಸಿಲು ಬಿದ್ದ ದಿನ ಇನ್ನಷ್ಟು. ಅಂಚಿನಿಂದ ನಿಧಾನವಾಗಿ ಹೊರಬಂದದ್ದನ್ನು ಚೂರು ಚೂರೇ ಕತ್ತರಿಸಿ ತೆಗೆಯಿರಿ.

ಪಾಲಿಸಲ್ಫೈಡ್ ಕೂಡ ಆಗುತ್ತದೆ. ಸಿಲಿಕೋನ್ ಬೇಡ. ಅದು ಬಿಟ್ಟುಕೊಂಡ ಮೇಲೆ ಆ ಜಾಗಕ್ಕೆ ಬೇರೆ ಯಾವುದೂ ಸರಿಯಾಗಿ ಅಂಟುವುದಿಲ್ಲ. ಶಾಶ್ವತವಾಗಿ ಹಿಡಿಯುವ ಪಾಲಿಯುರೆಥೇನ್ ಅಂಟೂ ಬೇಡ. ಮುಂದೆ ಎಂದಾದರೂ ಕಂಬಿ ತೆಗೆಯಬೇಕಾದರೆ ಡೆಕ್ಕಿನ ಚರ್ಮವೇ ಕಿತ್ತು ಬರುತ್ತದೆ.

ಕಂಬಿಗೆ ಟೆದರ್ ಸಿಕ್ಕಿಸಬಹುದಾ?

ಬೇಡ. ದಯವಿಟ್ಟು ಬೇಡ.

ಟೆದರ್ ಅಂದರೆ ನೀವು ಮೈಗೆ ತೊಟ್ಟ ಸುರಕ್ಷತಾ ಪಟ್ಟಿಯನ್ನು (ಹಾರ್ನೆಸ್) ದೋಣಿಗೆ ಕಟ್ಟುವ ಹಗ್ಗ. ನೀವು ಬಿದ್ದು ಅದು ಒಮ್ಮೆಲೇ ಬಿಗಿಯಾದಾಗ ಬರುವ ಎಳೆತ, ಸೊಂಟ ಆನಿಸಿದಾಗಿನ ಬಲಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆಫ್‌ಶೋರ್, ಅಂದರೆ ತೀರದಿಂದ ದೂರ ನಡೆಯುವ ರೇಸ್‌ಗಳಿಗೆ ಅಂತರರಾಷ್ಟ್ರೀಯ ಹಾಯಿದೋಣಿ ಕ್ರೀಡಾ ಸಂಸ್ಥೆ ವರ್ಲ್ಡ್ ಸೇಲಿಂಗ್ ಹಾಕಿರುವ ನಿಯಮದಲ್ಲಿ ಡೆಕ್ ಉದ್ದಕ್ಕೂ ಕಟ್ಟುವ ಜ್ಯಾಕ್‌ಲೈನ್ ಪಟ್ಟಿ ಕನಿಷ್ಠ 2,040 ಕೆಜಿ ತಡೆಯಬೇಕು. ಟೆದರ್ 2 ಮೀಟರ್ ಮೀರಬಾರದು. ಮೇಲೆ ಹೇಳಿದ ಎಳೆತದ ಲೆಕ್ಕವನ್ನು ಇದಕ್ಕೆ ಹಾಕಿ ನೋಡಿ, ಕಂಬಿ ಯಾಕೆ ನಿಲ್ಲುವುದಿಲ್ಲ ಅಂತ ಗೊತ್ತಾಗುತ್ತದೆ.

ಮಾಸ್ಟ್ ಬುಡದ ಹತ್ತಿರ ಎರಡು ಬದಿಗೂ ಒಂದೊಂದು ಗಟ್ಟಿ ಕೊಂಡಿ ಹಾಕಿಸಿ, ಕೆಳಗೆ ಹಲಗೆ ಕೊಟ್ಟು ಬೋಲ್ಟ್ ಮಾಡಿಸಿ. ಅಲ್ಲಿ ನಿಂತಾಗ ಟೆದರ್‌ನ 1 ಮೀಟರಿನ ಗಿಡ್ಡ ತುದಿಯನ್ನು ಅದಕ್ಕೆ ಸಿಕ್ಕಿಸಿ. ಡೆಕ್‌ಗೆ ಹತ್ತಿರ ಇರುವ ಕೊಂಡಿಯಾದರೆ ಸನ್ನೆಗೋಲಿನ ಎಳೆತವೇ ಬರುವುದಿಲ್ಲ. ಕಂಬಿ ಇದೆ ಅಂತ ಟೆದರ್ ಬಿಟ್ಟು ಹೋಗುವುದು ಬೇಡ. ಕಂಬಿ ಕೆಲಸ ಮಾಡಲು, ಟೆದರ್ ಜೀವ ಉಳಿಸಲು.

ಕಂಬಿಯನ್ನು ಮಾಸ್ಟ್‌ಗೇ ಸೇರಿಸಿ ಬಿಗಿದರೆ ಇನ್ನೂ ಗಟ್ಟಿ ಅಲ್ವಾ?

ಅಲ್ಲ. ಮಾಸ್ಟ್ ಅಲೆಗೆ ತಕ್ಕಂತೆ ಸ್ವಲ್ಪ ಅಲ್ಲಾಡುತ್ತಲೇ ಇರುತ್ತದೆ, ಡೆಕ್ ಬೇರೆ ರೀತಿ ಮಣಿಯುತ್ತದೆ. ಎರಡನ್ನೂ ಕಟ್ಟಿದರೆ ವೆಲ್ಡ್ ಬಿರುಕು ಬಿಡುತ್ತದೆ. ಮಾಸ್ಟ್ ಅಲ್ಯೂಮಿನಿಯಂ, ಕಂಬಿ ಸ್ಟೇನ್‌ಲೆಸ್. ಉಪ್ಪುನೀರಿನಲ್ಲಿ ಇವೆರಡು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ.

ದೋಣಿಯೇ ಅಲ್ಯೂಮಿನಿಯಂ ಆಗಿದ್ದರೆ ಕಂಬಿಯೂ ಅಲ್ಯೂಮಿನಿಯಂ ಇರಲಿ, ಡೆಕ್ಕಿಗೇ ವೆಲ್ಡ್ ಮಾಡಿಸಿ. ರಂಧ್ರದ ಗೊಡವೆಯೇ ಇಲ್ಲ.

ಕಂಬಿಗೆ ಬೇರೆ ಏನೇನು ಕಟ್ಟಬಹುದು?

ಹ್ಯಾಲ್ಯಾರ್ಡ್ ಸುರುಳಿ ತೂಗು ಹಾಕಬಹುದು. ಅದಕ್ಕೆಂದೇ ನಡುವೆ ಒಂದು ಅಡ್ಡ ಪೈಪು ಹಾಕಿಸಿದ್ದೇವೆ, ಬಹಳ ಅನುಕೂಲ. ಸಣ್ಣ ಚೀಲ ಕಟ್ಟಿ ವಿಂಚ್ ಹಿಡಿಕೆ ಇಡಬಹುದು. ಚಿಕ್ಕ ದೋಣಿಯನ್ನೋ ಡೀಸೆಲ್ ಕ್ಯಾನನ್ನೋ ಕಟ್ಟಬೇಡಿ. ಡೆಕ್ ಮೇಲೆ ಅಲೆ ಬಿದ್ದರೆ ಆ ಸಾಮಾನಿನ ಜೊತೆ ಕಂಬಿಯೂ ಹೋಗುತ್ತದೆ.

ದಿಕ್ಸೂಚಿಗೆ ತೊಂದರೆ ಆಗುತ್ತದಾ?

316 ಹೆಚ್ಚುಕಮ್ಮಿ ಅಯಸ್ಕಾಂತಕ್ಕೆ ಅಂಟದ ಸ್ಟೀಲ್. ಬಾಗಿಸಿದ ಕಡೆ ಸ್ವಲ್ಪ ಅಂಟಬಹುದು. ಆಟೋಪೈಲಟ್‌ನ ದಿಕ್ಸೂಚಿ ಪೆಟ್ಟಿಗೆ ಮಾಸ್ಟ್ ಕೆಳಗೆ ಕ್ಯಾಬಿನ್ನಿನಲ್ಲಿ ಇದ್ದರೆ, ಕಂಬಿ ಹಾಕಿದ ಮೇಲೆ ಒಂದು ಸಲ ದೋಣಿಯನ್ನು ಸುತ್ತು ತಿರುಗಿಸಿ ಸರಿಹೊಂದಿಸಿ.

ರೇಸ್ ನಿಯಮ, ವಿಮೆ?

ಆ ನಿಯಮಗಳು ಕೇಳುವುದು ದೋಣಿಯ ಅಂಚಿನ ತಂತಿ ಬೇಲಿ, ಅಂದರೆ ಲೈಫ್‌ಲೈನ್. ಮಾಸ್ಟ್ ಸುತ್ತ ಕಂಬಿ ಬೇಕೇ ಬೇಕು ಅಂತ ಇಲ್ಲ. ವಿಮೆಯವರಿಗೆ ಒಂದು ಇಮೇಲ್ ಬರೆದು, ಫೋಟೋ ಸೇರಿಸಿ ತಿಳಿಸಿಬಿಡಿ.

ಹಾಕಿದ ಮೇಲೆ ಏನು ನೋಡಿಕೊಳ್ಳಬೇಕು?

ವೆಲ್ಡ್ ಆದ ತಕ್ಷಣ ಆ ಜಾಗದ ನೀಲಿ, ಕಂದು ಬಣ್ಣವನ್ನು ಆ್ಯಸಿಡ್‌ನಿಂದ ತೆಗೆಸಬೇಕು. ಅದು ಉಳಿದರೆ ತುಕ್ಕು ಅಲ್ಲಿಂದಲೇ ಶುರು. ಸಿಟ್ರಿಕ್ ಆ್ಯಸಿಡ್ ಸೌಮ್ಯ. ಪಿಕ್ಲಿಂಗ್ ಪೇಸ್ಟ್ ಆದರೆ ಶಾಪ್‌ನವರಿಗೇ ಬಿಡಿ, ಅದು ಚರ್ಮಕ್ಕೆ ತಾಗಿದರೆ ಬಹಳ ಅಪಾಯ. ಪ್ರತಿ ಕಾಲಿನ ಕೆಳತುದಿಯಲ್ಲಿ ಒಂದು ಚಿಕ್ಕ ತೂತು ಇರಲಿ. ಒಳಗೆ ನಿಂತ ನೀರು ಹೊರಗೆ ಹೋಗಬೇಕು. ಹಿಮ ಬೀಳುವ ಊರಲ್ಲಿ ಆ ನೀರು ಹೆಪ್ಪುಗಟ್ಟಿ ಪೈಪನ್ನೇ ಸೀಳುತ್ತದೆ.

ಸುತ್ತಾಟ ಮುಗಿಸಿ ಬಂದಾಗ ಸಿಹಿನೀರಿನಲ್ಲಿ ತೊಳೆಯಿರಿ. ವರ್ಷಕ್ಕೊಮ್ಮೆ ಬುಡದ ವೆಲ್ಡನ್ನು ಭೂತಗನ್ನಡಿ ಹಿಡಿದು ನೋಡಿ. ಕೂದಲೆಳೆಯಂಥ ಗೆರೆ, ಕಂದು ನೀರಿನ ಕಲೆ ಕಂಡರೆ ಬಿಚ್ಚಿ ನೋಡಲೇಬೇಕು. ತಟ್ಟೆಯ ಅಡಿಯಲ್ಲಿ ಗಾಳಿ ಆಡುವುದಿಲ್ಲ, ಸ್ಟೇನ್‌ಲೆಸ್ ಕೂಡ ಅಂಥ ಕಡೆ ಒಳಗೊಳಗೇ ತಿಂದುಹೋಗುತ್ತದೆ. ಮಳೆ ಬಂದ ಮಾರನೇ ದಿನ ಕ್ಯಾಬಿನ್ ಚಾವಣಿಯ ಹಲಗೆಗಳನ್ನು ಕೈಯಿಂದ ಮುಟ್ಟಿ ನೋಡಿ, ತೇವ ಇದೆಯಾ ಅಂತ.

ಹಾಕಿಸಿದ ಮೇಲೆ ನಿಜವಾಗಿ ವ್ಯತ್ಯಾಸ ಆಯಿತಾ?

ಕಳೆದ ಸೆಪ್ಟೆಂಬರ್‌ನಲ್ಲಿ ಮತ್ತೆ ಹರ್ಸ್ಟ್ ಮುಂದೆ ಗಾಳಿ ಎದ್ದಿತು. ಈ ಸಲ ಚುಕ್ಕಾಣಿ ನನ್ನ ಕೈಯಲ್ಲಿತ್ತು, ರೀಫ್ ಹಾಕಲು ಹೋದವಳು ಅವಳು. ಮಾಸ್ಟ್ ಬುಡದ ಕೊಂಡಿಗೆ ಟೆದರ್ ಸಿಕ್ಕಿಸಿದಳು. ಹಿಂದೆ ಸರಿದು ಕಂಬಿಗೆ ಸೊಂಟ ಕೊಟ್ಟಳು. ಒಂದು ಕಾಲು ಮಾಸ್ಟ್ ಬುಡಕ್ಕೆ ಒತ್ತಿದ್ದಳು. ಹ್ಯಾಲ್ಯಾರ್ಡ್ ಸಡಿಲಿಸಿ, ಉಂಗುರ ಎಳೆದು ಕೊಕ್ಕೆಗೆ ಹಾಕಿ, ಎರಡೂ ಕೈಯಲ್ಲಿ ವಿಂಚ್ ತಿರುಗಿಸಿದಳು. ಒಂದು ಅಲೆ ಮುಂಭಾಗದ ಮೇಲೆ ಒಡೆದು ಅವಳ ಬೆನ್ನಿಗೆ ಬಿತ್ತು. ಕೈ ನಿಲ್ಲಲಿಲ್ಲ. ಮೂರು ನಿಮಿಷದೊಳಗೆ ವಾಪಸ್ ಬಂದು, ತಲೆಯಿಂದ ನೀರು ಒರೆಸಿಕೊಳ್ಳುತ್ತಾ, ಫ್ಲಾಸ್ಕಿನಲ್ಲಿ ಚಹಾ ಇನ್ನೂ ಉಳಿದಿದೆಯಾ ಅಂತ ಕೇಳಿದಳು.